ಪೂಜೆಗೆ ಕುಳಿತ ಬೆಲ್ಟು

ಹಡಪಸರ, ಪುಣೆ
೧೮ ಅಕ್ಟೋಬರ್ ೨೦೨೫

ಪ್ರೀತಿಯ ಇಂದೂ ಅಕ್ಕನಿಗೆ, ನಿನ್ನ ತಮ್ಮನ ಹೆಂಡತಿ ಮಾಯಾ ಮಾಡುವ ಶರಣು.

ದಸರೆಯ ಬನ್ನಿ ದೀಪಾವಳಿಗೆ ಬಂತೆಂದು ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಶೆಡ್ಡಿನ ತುಂಬ ಕಿವಿಗಳು, ಅದಕ್ಕೇ ಪೆನ್ನು ಹಿಡಿದೆ.

ನಿನ್ನ ತಮ್ಮ ತಳೇಗಾಂವದ ಕಟ್ಟಡದಿಂದ ಬಿದ್ದು ತೀರಿಕೊಂಡ ಮೇಲೆ ನಾನು ಹಿಡಿದ ಹಟ ನಿನಗೆ ಗೊತ್ತು. ಎತ್ತರಕ್ಕೆ ಏರುವವರೆಲ್ಲ ಸೇಫ್ಟಿ ಬೆಲ್ಟು ಕಟ್ಟಲೇಬೇಕು. ಆದರೆ ಯಾರು ಕೇಳುತ್ತಾರೆ? ಇಂಜಿನಿಯರ್ ಬಂದರೆ ಕಟ್ಟುತ್ತಾರೆ, ಬೆನ್ನು ತಿರುಗಿಸಿದರೆ ಬಿಚ್ಚುತ್ತಾರೆ. ನಮ್ಮ ಕೂಲಿ ಗುಂಪಿನ ಮುಕಾದಮ ತಾಯಪ್ಪ ಕಾಕಾ ಹಾಕಿದ ಗೆರೆಯನ್ನು ಇಲ್ಲಿ ಯಾರೂ ದಾಟುವುದಿಲ್ಲ. ಅವರೇ "ಹಗ್ಗಾ ಕಟ್ಟಾಕ ನಾವೇನು ದನಾ ಏನವ್ವಾ?" ಎಂದು ನಗುತ್ತಿದ್ದರು.

ಆಯುಧಪೂಜೆಯ ಮುಂಜಾನೆ ಕರಣಿ, ಸಲಿಕೆ, ಪುಟ್ಟಿಗಳನ್ನು ತೊಳೆದು ಸಾಲಾಗಿ ಇಟ್ಟಿದ್ದರು. ನಾನು ಸದ್ದಿಲ್ಲದೆ ನಡುವೆ ಒಂದು ಬೆಲ್ಟು ಇಟ್ಟೆ. ಕಾಕಾ ಎಲ್ಲಕ್ಕೂ ಅರಿಶಿನದ ಭಂಡಾರ ಹಚ್ಚಿ ಅಡ್ಡಬಿದ್ದರು. ಎದ್ದು ಬೆಲ್ಟು ಕಂಡು ಕಣ್ಣರಳಿಸಿದಾಗ ಅವರ ಹೆಂಡತಿ ಸಕ್ಕುಬಾಯಿ ಬಿಡಲಿಲ್ಲ. "ಕೈ ಮುಗದದ್ದನ್ನ ಮೂಲ್ಯಾಗ ಒಗೀತೀರೇನ್ರಿ?" ಎಂದಳು.

ಹಬ್ಬ ಮುಗಿದು ಕೆಲಸ ಶುರುವಾದ ದಿನ ಕಾಕಾ ಎಲ್ಲರೆದುರು ತಾವೇ ಮೊದಲು ಕಟ್ಟಿಕೊಂಡರು. ನಲವತ್ತು ಜನ ಸರದಿ ನಿಂತರು. ಆಮೇಲಿನದು ಕೇಳು. ದೇವರ ವಸ್ತುವೆಂದು ಎಲ್ಲರೂ ಬೂಟು ಬಿಚ್ಚಿ ಬರಿಗಾಲಲ್ಲಿ ಏರಲು ಹೊರಟರು. ಇಂಜಿನಿಯರ್ ಹಣೆ ಚಚ್ಚಿಕೊಂಡ. "ಕಟ್ಟೂ ಮುಂದ ಬೂಟ್ ಬಿಚ್ಚಿ ಕೈ ಮುಗೀರಿ, ಏರೂ ಮುಂದ ಹಾಕ್ಕೋರಿ" ಎಂದು ಕಾಕಾ ತೀರ್ಪು ಕೊಟ್ಟರು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಮೊನ್ನೆ ನಾಲ್ಕು ಬೆಲ್ಟುಗಳ ಕೊಂಡಿ ಮುರಿದಿತ್ತು. ಇವತ್ತೊಂದು ದಿನ ಹಾಗೇ ಏರಿ ಎಂದ ಠೇಕೇದಾರ. ಕಾಕಾ ಕೆಳಗೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದರು. ನಲವತ್ತೂ ಜನ ಕುಳಿತರು. ಬೇರೆ ಜನರನ್ನು ತರುತ್ತೇನೆಂದು ಅವನು ಮರಾಠಿಯಲ್ಲಿ ಕೂಗಾಡಿದ. ಒಬ್ಬರೂ ಏಳಲಿಲ್ಲ. ಮಧ್ಯಾಹ್ನಕ್ಕೆ ಹೊಸ ಬೆಲ್ಟು ಬಂದವು. ಅಕ್ಕಾ, ಅವತ್ತು ನನಗಾದ ಸಂತೋಷ ಹೇಳತೀರದು. ಎಲ್ಲರೂ ಕೂಡಿ ರೊಟ್ಟಿ ಉಂಡೆವು.

ಬನ್ನಿ ಎಲೆ ಇದರಲ್ಲೇ ಇಟ್ಟಿದ್ದೇನೆ. ನೀನು, ಮಾವ, ಮಗು ಬಂಗಾರದಂತೆ ಬಾಳಿರಿ.

ನಿನ್ನ
ಮಾಯಾ

ತಾ.ಕ.: ತಳೇಗಾಂವದಲ್ಲಿ ನಿನ್ನ ತಮ್ಮನಿಗೆ ಬೆಲ್ಟೇ ಕೊಟ್ಟಿರಲಿಲ್ಲ ಎಂದು ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು, ಕೊಟ್ಟಿದ್ದರು. ಅವತ್ತು ಸಂಜೆ ನಿನ್ನ ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೊರಡಬೇಕಿತ್ತಲ್ಲ. "ಇಷ್ಟ ಕೆಲಸಕ್ಕ ಎಷ್ಟ್ ಸಿಂಗಾರ ಮಾಡ್ಕೋತೀರಿ, ಬಸ್ ತಪ್ಪತದ" ಎಂದು ನಾನೇ ಬಿಚ್ಚಿಸಿದೆ. ನಿನಗೆ ಎಷ್ಟು ಬೈಯಬೇಕೆನಿಸುತ್ತದೋ ಅಷ್ಟು ಬೈದು ಬರಿ. ನನ್ನ ಮಾತನ್ನು ಮೊದಲು ಕೇಳಿದ್ದು ನಿನ್ನ ತಮ್ಮ.