ಅಮ್ಮ ಹೇಳದ ಪದಗಳು

೯ ಮಾರ್ಚ್, ಸೋಮವಾರ

ಪ್ರೀತಿಯ ಪುಟ್ಟಿಗೆ,

ನಾನು ಕ್ಷೇಮ, ನೀವೆಲ್ಲ ಹಾಗೇ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಕೋಬೇಡ. ಸಂಚಿಕೆ ಹೊರಡುವ ಹೊತ್ತು. ನಮ್ಮ ಧ್ವನಿಶಾಸ್ತ್ರದ ಪತ್ರಿಕೆ ನಿನಗೆ ಗೊತ್ತಲ್ಲ, ಓದುವವರಿಗಿಂತ ಬರೆಯುವವರು ಹೆಚ್ಚು, ಬರೆಯುವವರಿಗಿಂತ ಬೈದಾಡುವವರು ಹೆಚ್ಚು. ನಾಲಿಗೆ ಹಲ್ಲಿಗೆ ತಾಗಿತೋ ಒಸಡಿಗೆ ತಾಗಿತೋ ಎಂಬುದರ ಮೇಲೆ ಇಬ್ಬರು ಪ್ರೊಫೆಸರರು ಮಾತು ಬಿಟ್ಟಿದ್ದಾರೆ.

ಗಂಟಲಿನ ಆಪರೇಷನ್ನಿಗೆ ಮುಂಚೆ ಅಮ್ಮ ನಮ್ಮ ಪತ್ರಿಕೆಯ ಸ್ಟುಡಿಯೋಗೆ ಬಂದು ಉಚ್ಚಾರಣೆಯ ಸಂಗ್ರಹಕ್ಕೆಂದು ಪದಗಳನ್ನು ಓದುತ್ತಿದ್ದದ್ದು ನೆನಪಿದೆಯಲ್ಲ? ಪ್ರತಿ ಪದವನ್ನೂ ಒಂದೇ ವಾಕ್ಯದೊಳಗೆ ಕೂರಿಸಿ ಹೇಳಿಸುವುದು ನಮ್ಮ ಪದ್ಧತಿ. "ಈಗ ಮರ ಅಂತೀನಿ. ಈಗ ಮಳೆ ಅಂತೀನಿ." ಅಮ್ಮ ರೇಗುತ್ತಿದ್ದಳು, "ಅಂತೀನಿ ಅಂತೀನಿ ಅಂತ ಬಾಯಿ ಒಣಗಿಹೋಯ್ತು. ಅನ್ನೋದಿದ್ರೆ ಅಂದ್ಬಿಡೋದು, ಅನ್ಬೇಡ ಅಂದೋರು ಯಾರಪ್ಪ?" ನಡುನಡುವಿನ ಉಸಿರನ್ನೆಲ್ಲ ಕತ್ತರಿಸಿ ತೆಗೆಯುವುದು ನನ್ನ ಕೆಲಸ. ಮಾತು ಪತ್ರಿಕೆಗೆ, ಉಸಿರು ಕಸಕ್ಕೆ.

ಅಮ್ಮ ಹೋದ ಮೇಲೆ ಒಬ್ಬ ಸಂಶೋಧಕಿ ಆ ಧ್ವನಿಗಳನ್ನು ಕಂಪ್ಯೂಟರಿಗೆ ಕಲಿಸಿ, ಅವಳು ಎಂದೂ ಹೇಳದ ಪದಗಳನ್ನು ಅವಳ ದನಿಯಲ್ಲೇ ಹೇಳಿಸಿದ್ದಾಳೆ. ಹೋದ ವಾರ ಹೆಡ್‌ಫೋನ್ ಹಾಕಿಕೊಂಡು ಕೂತೆ. "ಈಗ ಮಸಣ ಅಂತೀನಿ" ಎಂದಳು. ನಮ್ಮಮ್ಮನೇ. ಹೇಳುವ ಮೊದಲು ಉಸಿರೆಳೆದುಕೊಂಡಳು. ಆಪರೇಷನ್ನಾದ ಮೇಲೆ ಕೊನೆಯ ವರ್ಷ ಕತ್ತಿಗೆ ಮಾಡಿದ್ದ ತೂತಿನಿಂದ ಎಳೆಯುತ್ತಿದ್ದಳಲ್ಲ, ಆ ಸಿಳ್ಳಿನಂಥ ಉಸಿರು. ಅದನ್ನು ಯಾರೂ ಎಂದೂ ರೆಕಾರ್ಡ್ ಮಾಡಿಲ್ಲ.

"ಈ ಉಸಿರು ಎಲ್ಲಿಂದ ಬಂತಮ್ಮ?" ಎಂದು ಸಂಶೋಧಕಿಯನ್ನು ಕೇಳಿದೆ.

"ಯಾವ ಉಸಿರು ಸಾರ್? ನೀವು ಕೊಟ್ಟದ್ರಲ್ಲಿ ಉಸಿರೇ ಇರ್ಲಿಲ್ವಲ್ಲ."

ಆಮೇಲೆ ಅವಳೂ ಕೇಳಿಸಿಕೊಂಡಳು. ಹೆಡ್‌ಫೋನ್ ಮೆಲ್ಲಗೆ ಕೆಳಗಿಟ್ಟು, ನನ್ನ ಮುಖ ನೋಡದೆ ನೀರು ಕುಡಿಯಲು ಹೋದಳು.

ಸಂಪಾದಕರು ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಾರೆ. "ಮಕ್ಕಳಿಬ್ರೂ ಒಪ್ಪಿದ್ರೆ ಆ ದನೀನ ಈ ಸಂಚಿಕೆ ಜೊತೇಲೇ ಹಾಕೋಣ. ಬೇಡ ಅನ್ನೋದಾದ್ರೂ ಕೇಳಿಸಿಕೊಂಡೇ ಅನ್ಬೇಕು. ಕೇಳದೆ ತೀರ್ಪಿಲ್ಲ, ಅದು ನಮ್ಮ ಪತ್ರಿಕೆ ನಿಯಮ" ಎನ್ನುತ್ತಾರೆ. ಒಮ್ಮೆ ಪ್ರಕಟವಾದರೆ ಆ ದನಿಯನ್ನು ಯಾರು ಬೇಕಾದರೂ ಬಳಸಬಹುದು. ಯಾರು ಯಾವ ಮಾತು ಕೊಟ್ಟರೂ ಅಮ್ಮ ಹೇಳುತ್ತಲೇ ಇರುತ್ತಾಳೆ. ನಾನಿನ್ನೂ ಸಹಿ ಹಾಕಿಲ್ಲ. ಬಂದು ಕೇಳಿ ಹೋಗೆಂದು ನಿನಗೂ ಅವರು ಬರೆಯುತ್ತಾರೆ.

ಮಗಳ ಕೆಮ್ಮು ವಾಸಿಯಾಯಿತೇ? ಬಿಸಿನೀರು ಕುಡಿಸು. ನಿನ್ನ ಮನೆ ತುಂಬ ಮಾತಿರಲಿ, ಮಾತಿನ ತುಂಬ ಹಿತವಿರಲಿ.

ಇಂತಿ ನಿನ್ನ
ಅಣ್ಣ

ತಾ.ಕ.: ಯಾರೂ ಇಲ್ಲದಾಗ ಆ ಕಂಪ್ಯೂಟರಿಗೆ "ದೊಡ್ಡೋನೇ" ಎಂದು ಬರೆದುಕೊಟ್ಟೆ. ಅಮ್ಮ ನನ್ನನ್ನು ಕರೆಯುತ್ತಿದ್ದ ಹಾಗೇ ಕರೆಯಿತು. ಮತ್ತೆ ಮತ್ತೆ ಕರೆಸಿಕೊಂಡೆ. ಈಗ ಅಮ್ಮನ ಕರೆಯನ್ನು ನೆನೆಸಿಕೊಳ್ಳಲು ಹೋದರೆ ಇದೇ ಬರುತ್ತದೆ. ಅವಳದು ಹೇಗಿತ್ತೋ, ಸಿಗುತ್ತಿಲ್ಲ ಪುಟ್ಟಿ. ನಿಯಮ ಹಾಳಾಗಲಿ, ನೀನು ಬರಬೇಡ, ಕೇಳಬೇಡ. ಬೇಡ ಎಂದಷ್ಟೇ ಬರೆದು ಕಳಿಸು, ಜಗಳ ನಾನಾಡುತ್ತೇನೆ. ನಿನ್ನ ಕಿವಿಯಲ್ಲಿರುವ ಅಮ್ಮ ಅಲ್ಲೇ ಇರಲಿ.