ನನ್ನ ಕ್ಯಾನ್ಸರ್ ನನ್ನ ಹೆಸರಿಗೇ ಇರಲಿ

ಪಿಂಚಣಿದಾರರ ಔಷಧಾಲಯದ ಮುಖ್ಯಾಧಿಕಾರಿಗಳೇ,

ಸ್ತನ ಕ್ಯಾನ್ಸರ್ ಬಂದದ್ದು ನನಗೆ. ತಮ್ಮ ಕಂಪ್ಯೂಟರು ಅದನ್ನು ನನ್ನ ಹೆಂಡತಿಯ ಹೆಸರಿಗೆ ಬರೆದುಕೊಂಡಿದೆ. ಅದರಿಂದಾಗಿ ಆಕೆಯ ಮಂಡಿಯ ಆಪರೇಷನ್ ನಿಂತುಹೋಗಿದೆ. ದೂರು ಇಷ್ಟೇ. ಉಳಿದದ್ದು ಕಥೆ. ನಾನು ಮಾಗಡಿ ಕಡೆಯ ಹಳ್ಳಿಯವನು, ಕಥೆಯಿಲ್ಲದೆ ದೂರು ಹೇಳಲು ನನಗೆ ಬರುವುದಿಲ್ಲ.

ಗಂಡಸಿಗೆ ಸ್ತನ ಕ್ಯಾನ್ಸರೇ ಎಂದು ತಾವು ಹುಬ್ಬೇರಿಸಬಹುದು. ನಾನೂ ಏರಿಸಿದ್ದೆ. ಅಪರೂಪಕ್ಕೆ ಬರುತ್ತದಂತೆ. ಗಂಡಸಿನ ಮೈಯಲ್ಲೂ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಒಂದಿಷ್ಟು ಓಡಾಡುತ್ತಿರುತ್ತದೆ. ನನ್ನಂಥವರ ಗಂಟು ಅದನ್ನು ಉಂಡೇ ಬೆಳೆಯುತ್ತದೆ. ಗಂಟು ತೆಗೆದ ಮೇಲೆ ಡಾಕ್ಟರು ಟ್ಯಾಮಾಕ್ಸಿಫೆನ್ ಎಂಬ ಮಾತ್ರೆಯನ್ನು ಐದು ವರ್ಷ ನುಂಗಬೇಕೆಂದರು. ಅದರ ಕೆಲಸ ನನಗೆ ತಕ್ಷಣ ಅರ್ಥವಾಯಿತು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಈಸ್ಟ್ರೋಜನ್ ಕೂರಬೇಕಾದ ಜಾಗಕ್ಕೆ ಈ ಮಾತ್ರೆ ಮೊದಲೇ ಹೋಗಿ ಟವೆಲ್ಲು ಹಾಸುತ್ತದೆ. ಹಾರ್ಮೋನು ಬಂದು ನೋಡಿ, ಜಾಗವಿಲ್ಲದೆ ಮುಂದಕ್ಕೆ ಹೋಗುತ್ತದೆ. ಮೈ ಗಂಡಸಿನದೋ ಹೆಂಗಸಿನದೋ ಎಂದು ಟವೆಲ್ಲು ಕೇಳುವುದಿಲ್ಲ. ಕೇಳಿದ್ದು ತಮ್ಮ ಕೌಂಟರು.

“ಸಾರ್, ಮೇಲ್ ಅಂತ ಹಾಕಿದ್ರೆ ಕಂಪ್ಯೂಟರು ಈ ಮಾತ್ರೆ ತಗೊಳ್ತಾನೇ ಇಲ್ಲ.”

“ಹಾಗಾದ್ರೆ ಫೀಮೇಲ್ ಅಂತ ಹಾಕಿ.”

“ನಿಮ್ಮನ್ನ ಹಾಗ್ ಹಾಕಕ್ಕಾಗಲ್ಲ ಸಾರ್. ಮೇಡಂ ಹೆಸರೂ ಇದೇ ಕಾರ್ಡಲ್ಲಿ ಇದೆಯಲ್ಲ, ಅವರ ಹೆಸರಲ್ಲಿ ಕೊಟ್ಬಿಡ್ತೀನಿ. ನುಂಗೋರ್ ಯಾರು ಅಂತ ಯಾರ್ ಬಂದ್ ನೋಡ್ತಾರೆ?”

ಒಳ್ಳೆಯ ಮನುಷ್ಯ, ಹೆಸರು ಹೇಳುವುದಿಲ್ಲ.

ಒಂದು ವರ್ಷ ಹೀಗೇ ನಡೆಯಿತು. ತಿಂಗಳಿಗೊಮ್ಮೆ “ಯಶೋಧರಾ! ಕ್ಯಾನ್ಸರ್ ಮಾತ್ರೆ!” ಎಂದು ಕೌಂಟರಿನಿಂದ ಕೂಗು ಬರುತ್ತಿತ್ತು, ಸಾಲಿನಲ್ಲಿದ್ದ ಅರ್ಧ ಚಾಮರಾಜಪೇಟೆ ಅದನ್ನು ಕೇಳಿಸಿಕೊಳ್ಳುತ್ತಿತ್ತು. ಪಕ್ಕದ ಮನೆಯ ಗಿರಿಜಾಂಬಾ ಅವರು ಗಂಜಿ ತಂದು, ನನ್ನ ಹೆಂಡತಿಯ ಕೈ ಹಿಡಿದು ಅತ್ತರು.

“ಕಾಯಿಲೆ ಇವರಿಗೆ ಕಣ್ರೀ, ನನಗಲ್ಲ” ಎಂದಳು ಯಶೋಧರಾ.

“ಕಾಯಿಲೆ ಬಂದೋರೆಲ್ಲ ಹೀಗೇ ಹೇಳೋದು ಯಶೋಧಮ್ಮ.”

ಅಷ್ಟರಲ್ಲಿ ಮಾತ್ರೆಯ ಪ್ರಭಾವದಿಂದ ನನ್ನ ಮುಖಕ್ಕೆ ಬಿಸಿ ಏರಿ ಬೆವರು ಸುರಿಯಿತು. ಗಿರಿಜಾಂಬಾ ಅವರು ಪೇಪರಿನಿಂದ ನನಗೆ ಗಾಳಿ ಬೀಸುತ್ತಾ, “ಹೆಂಡ್ತಿ ಚಿಂತೇಲಿ ಹೆಂಗಾಗ್ಹೋಗಿದಾರೆ ನೋಡಿ! ಇಂಥ ಗಂಡ ಯಾರಿಗ್ ಸಿಗ್ತಾರೆ?” ಎಂದರು. ಸರ್ಕಾರಿ ನೌಕರಿಯಲ್ಲೂ ನನಗೆ ಇಂಥ ಪ್ರಶಂಸೆ ಸಿಕ್ಕಿರಲಿಲ್ಲ.

ಕಳೆದ ತಿಂಗಳು ಯಶೋಧರಾಳ ಮಂಡಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಡಾಕ್ಟರು ನಮ್ಮ ಕಾರ್ಡಿನ ನಂಬರು ಒತ್ತಿ, ಪರದೆಯ ಮೇಲೆ ಆಕೆಯ ದಾಖಲೆ ನೋಡಿದರು.

“ಅಮ್ಮಾ, ಟ್ಯಾಮಾಕ್ಸಿಫೆನ್ ತಗೊಳ್ತಿದೀರಾ? ಅದರಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಇರುತ್ತೆ. ಈಗ್ಲೇ ಆಪರೇಷನ್ ಮಾಡಕ್ಕಾಗಲ್ಲ.”

“ನಾನು ಒಂದೂ ನುಂಗಿಲ್ಲ ಡಾಕ್ಟ್ರೇ.”

“ಒಂದೂ ನುಂಗಿಲ್ವಾ? ಕ್ಯಾನ್ಸರ್ ಇಟ್ಕೊಂಡು ಹೀಗಾ ಮಾಡೋದು?”

“ಕ್ಯಾನ್ಸರ್ ಇರೋದು ಇವರಿಗೆ.”

ಡಾಕ್ಟರು ನನ್ನತ್ತ ತಿರುಗಿದರು. ನಾನು ಹಾಜರಿ ಹೇಳುವ ಹುಡುಗನಂತೆ ಕೈಯೆತ್ತಿದೆ.

ಬಾಯಿಮಾತು ನಂಬಿ ಕಾಲು ಕೊಯ್ಯಲಾಗದು, ದಾಖಲೆ ಸರಿಪಡಿಸಿಕೊಂಡು ಬನ್ನಿ ಎಂದರು. ಅವರ ಮಾತು ನ್ಯಾಯವೇ. ನನ್ನ ಕ್ಯಾನ್ಸರ್ ಡಾಕ್ಟರಿಂದ ಪತ್ರ ತಂದು ತಮ್ಮ ಕಚೇರಿಗೆ ಕೊಟ್ಟೆ. “ಇದು ಗಂಡಸರ ಹೆಸರಲ್ಲಿದೆ, ಈ ಕಾಯಿಲೆ ನಮ್ಮಲ್ಲಿ ಹೆಂಗಸರಿಗೆ ಮಾತ್ರ” ಎಂದು ಅದನ್ನು ಹಿಂದಿರುಗಿಸಿದರು. ಕಾಯಿಲೆಗೆ ಈ ಆದೇಶದ ಪ್ರತಿ ಕಳಿಸಲಾಗಿತ್ತೇ? ನನಗೆ ಬರುವ ಮೊದಲು ಅದು ಓದಿಕೊಂಡಂತೆ ಕಾಣಲಿಲ್ಲ.

ಮಾತ್ರೆಯನ್ನು ಹೊರಗೆ ಕೊಂಡುಕೊಳ್ಳಿ ಎನ್ನುತ್ತೀರಿ. ಈಗ ಅದನ್ನೇ ಮಾಡುತ್ತಿದ್ದೇನೆ, ದುಬಾರಿಯೇನಲ್ಲ. ಆದರೆ ಹೆಂಡತಿಯ ತಲೆಗೆ ಕಟ್ಟಿದ ಕಾಯಿಲೆಯನ್ನು ಇಳಿಸುವ ಔಷಧಿ ಯಾವ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ? ಮೈಯಲ್ಲಿ ಹೆಣ್ಣು ಹಾರ್ಮೋನಿರುವ ಗಂಡಸರನ್ನು ತಮ್ಮ ಕಂಪ್ಯೂಟರು ಒಪ್ಪುವುದಿಲ್ಲವೆಂದರೆ, ಅದರ ಮುಂದೆ ಯಾವ ಗಂಡಸು ಉಳಿಯುತ್ತಾನೆ? ತಾವೂ ಉಳಿಯುವುದಿಲ್ಲ.

ನಮ್ಮ ಮನೆ ಮೊದಲನೇ ಮಹಡಿಯಲ್ಲಿದೆ. ಯಶೋಧರಾ ಈಗ ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿಯುತ್ತಾಳೆ. ನಿನ್ನೆ ಅರ್ಧ ಇಳಿಯುವಷ್ಟರಲ್ಲಿ ಸುಸ್ತಾಗಿ, “ಕಾಯಿಲೆ ನಿಮ್ದು, ಕಾರ್ಡು ನಿಮ್ದು. ಕಾಲೊಂದು ನಂದು, ಅದನ್ನ ಬಿಟ್ಬಿಡಕ್ಕೆ ಹೇಳ್ರಿ ಅವರಿಗೆ” ಎಂದಳು. ಹೇಳುತ್ತಿದ್ದೇನೆ.

ಈ ವಾರವೇ ಆಕೆಯ ಹೆಸರಿನಿಂದ ನನ್ನ ಕ್ಯಾನ್ಸರನ್ನು ತೆಗೆದು, ಆಸ್ಪತ್ರೆಗೆ ಲಿಖಿತವಾಗಿ ತಿಳಿಸಿ. ನನ್ನ ಹೆಸರಿಗೆ ಹಾಕುವುದು ತಡವಾದರೂ ಚಿಂತೆಯಿಲ್ಲ, ಮಾತ್ರೆ ನುಂಗುತ್ತಾ ಕಾಯುತ್ತೇನೆ. ಆಕೆಯ ಮಂಡಿ ಕಾಯುವುದಿಲ್ಲ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಪೂರ್ಣ ಆರೋಗ್ಯವಂತನಾದ
ಮುತ್ತುರಾಜ್, ಚಾಮರಾಜಪೇಟೆ