ಸೀಗಡಿ ಸಿಪ್ಪೆಗೆ ಹೆಪ್ಪು

ಗೋವಾ ಗಡಿಯ ರಾಮನಗರ, ಗುರುವಾರ

ಅವ್ವಾ, ನಿನ್ನ ಕಾಲಿಗೆ ನಮಸ್ಕಾರ. ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಶೆಡ್ಡಿನಲ್ಲಿ ಗೋವಾದ ಸೀಗಡಿ ಸಿಪ್ಪೆಯಿಂದ ಗಾಯದ ಪಟ್ಟಿಗೆ ಬೇಕಾದ ಪುಡಿ ತೆಗೆಯುತ್ತಾರೆ. ಆಸಿಡ್ ಬದಲು ಈಗ ಬೆಲ್ಲದ ನೀರಿಗೆ ಮೊಸರು ಬೆರೆಸಿ ಸಿಪ್ಪೆ ನೆನೆಹಾಕುತ್ತೇವೆ. ಹುಳಿ ಬಂದರೆ ಅದರ ಸುಣ್ಣ ತಾನೇ ಬಿಡುತ್ತದೆ. ನಿನ್ನೆ ಲಾರಿ ಬಂದಾಗ ದೀಪ ಹಚ್ಚುವ ಹೊತ್ತು. ಎಮ್ಮೆ ಸಾಕಿರುವ ಪಕ್ಕದ ಜನಾಬಾಯಿಯನ್ನು ಹೆಪ್ಪು ಕೇಳಿದೆ. "ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡ್ತಾರೇನವಾ? ಅದೂ ಮೀನಿನ ಹೊಲಸಿಗೆ? ನಮ್ಮ ಎಮ್ಮಿ ಹಾಲು ಬತ್ತತೈತಿ!" ಎಂದಳು. ಬೆಳಗಿನವರೆಗೆ ಕಾಯೋಣವೆಂದರೆ ಮಾಲಕ ಕೇಳಲಿಲ್ಲ. "ನಾರತೈತಿ, ಆಸಿಡ್ ಸುರೀರಿ" ಎಂದು ಹಳೇ ಕ್ಯಾನು ತೆರೆಸಿದ. ಆಸಿಡ್ ಬಿಟ್ಟಿದ್ದೇವೆಂದು ಬಾಗಿಲಿಗೆ ಬೋರ್ಡು ಹಾಕಿಸಿದವನೂ ಇವನೇ! ತೊಳೆದ ನೀರೆಲ್ಲ ಜನಾಬಾಯಿಯ ಎಮ್ಮೆಗಳು ಕುಡಿಯುವ ಹಳ್ಳಕ್ಕೆ ಹೋಯಿತು. ಎಮ್ಮೆಗಳನ್ನು ಹಳ್ಳಕ್ಕೆ ಬಿಡಬೇಡವೆಂದು ಬೆಳಿಗ್ಗೆ ಅವಳಿಗೆ ಹೇಳಿದರೆ ನನ್ನನ್ನೇ ಬೈದಳು.

ನನ್ನ ಬೆರಳ ತುದಿ ಸುಲಿದಿದೆ, ಜ್ವರವೇನಿಲ್ಲ. ನಮ್ಮ ಗಡಿಗೆಯ ಹೆಪ್ಪನ್ನು ಡಬ್ಬಿಯಲ್ಲಿ ಹಾಕಿ ದಾಂಡೇಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸು. ಬೆಳಗಿನ ಬಸ್ಸಿಗೇ ಕೊಡು. ಸಂಜೆಯ ಬಸ್ಸಿಗೆ ನೀನೂ ಕೊಡುವವಳಲ್ಲ, ಗೊತ್ತು.

ಕಸ್ತೂರಿ